ಚಿರತೆಮರಿ ಸಿಕ್ಕ ಜಾಗ

ಆ ಎರಡು ಚಿರತೆಮರಿ ಸಿಕ್ಕಿದ್ದು ನಾಲೆ ಏರಿಯ ಮೇಲಲ್ಲ, ನನ್ನ ಕಬ್ಬಿನ ಗದ್ದೆಯ ನಡುವೆ. ಅರಣ್ಯ ಇಲಾಖೆಯವರಿಗೆ ನಾನು ಹೇಳಿದ್ದು ಸುಳ್ಳು. ಸಿದ್ದಕ್ಕ, ನಿನಗಿದು ಗೊತ್ತು. ಊರಿಗೆ ಗೊತ್ತಿಲ್ಲ.

ದುದ್ದ ಊರಿನ ಈಚೆ ಕಾಡೆಲ್ಲಿದೆ? ಗುಡ್ಡ ಜಲ್ಲಿಯಾಯಿತು, ಕುರುಚಲು ಸೈಟಾಯಿತು. ಚಿರತೆ ಕಬ್ಬನ್ನೇ ಕಾಡು ಮಾಡಿಕೊಂಡಿತು — ಬೀದಿನಾಯಿ ತಿಂದುಕೊಂಡು, ಗರಿಯ ಮರೆಯಲ್ಲಿ ಮರಿ ಹಾಕಿಕೊಂಡು, ನಮ್ಮ ಕಣ್ಣಿಗೆ ಬೀಳದೆ ಬದುಕುವುದನ್ನು ಕಲಿಯಿತು. ಪ್ರಾಣಿಶಾಸ್ತ್ರ ಓದಿದ ನನಗೆ ಇದೆಲ್ಲ ಗೊತ್ತಿತ್ತು. ನಮ್ಮ ಮನೆಯ ಮೊದಲ ಡಿಗ್ರಿ ನನ್ನದು. ರಜೆಯಲ್ಲೆಲ್ಲ ಕಬ್ಬು ಹೊತ್ತು ಓದಿದ್ದು.

ಕಬ್ಬು ಕಡಿಯುವವರಿಗೆ ಒಂದು ರೂಢಿ — ಮರಿ ಕಂಡರೆ ಆ ಎಂಟು ಹತ್ತು ಸಾಲು ಹಾಗೇ ಬಿಟ್ಟು, ಎರಡು ದಿನ ಅತ್ತ ಸುಳಿಯುವುದಿಲ್ಲ. ಕಡಿಯಲು ಬಂದ ನೀನೊಬ್ಬಳೇ ಮರಿಗಳನ್ನು ಕಂಡು ಅದನ್ನೇ ಹೇಳಿದೆ: "ಬುಡಪ್ಪ, ಅವ್ರವ್ವ ಬತ್ತಾಳೆ, ಕಚ್ಕೊಂಡು ಓಯ್ತಾಳೆ."

ಆದರೆ ಲಾರಿ ಬಂದು ನಿಂತಿತ್ತು. ಸಕ್ಕರೆ ಕಾರ್ಖಾನೆ ಕೊಟ್ಟ ಕಟಿಂಗ್ ಆರ್ಡರ್ ತಪ್ಪಿದರೆ ಮತ್ತೆ ಸರದಿ ಯಾವಾಗಲೋ. ಮರಿಗಳನ್ನು ಮಂಕರಿ ಬುಟ್ಟಿಗೆ ಹಾಕಿಕೊಂಡು, ಅರ್ಧ ಮೈಲಿ ಆಚೆಯ ನಾಲೆ ಏರಿಗೆ ಒಯ್ದವನು ನಾನು. ಇಲಾಖೆಗೆ ಫೋನ್ ಮಾಡಿದವನೂ ನಾನೇ.

ಬಂದವರು ಕೇಳಿದ್ದು ಒಂದೇ — ಸರಿಯಾಗಿ ಎಲ್ಲಿ ಸಿಕ್ಕವು? ಅಲ್ಲೇ ಇಟ್ಟರೆ ತಾಯಿ ಬರುತ್ತೆ ಅಂದರು. ಗದ್ದೆ ಎಂದಿದ್ದರೆ ಕಟಾವು ನಿಲ್ಲಿಸುತ್ತಿದ್ದರು. ಏರಿ ತೋರಿಸಿದೆ. ನೀನು ಬಾಯಿ ತೆರೆದೆ: "ಅಲ್ಲ ಕಣಪ್ಪ, ನಡುಗದ್ದೇಲಿ ಅಲ್ವಾ..."

"ಸುಮ್ಕಿರು ಸಿದ್ದಕ್ಕ. ಓದಿರೋನು ನಾನೋ ನೀನೋ?"

ಸುತ್ತ ನಿಂತವರು ನಕ್ಕರು. ನೀನು ಕತ್ತಿ ತಗೊಂಡು ಸಾಲಿಗೆ ಹೋದೆ.

ಮೂರು ದಿನ ಮರಿಗಳನ್ನು ಏರಿ ಮೇಲೆ ಬುಟ್ಟಿಯಲ್ಲಿಟ್ಟು ಕಾದರು. ಮೂರು ಬೆಳಿಗ್ಗೆಯೂ ತಾಯಿಯ ಹೆಜ್ಜೆ ಇದ್ದದ್ದು ನನ್ನ ಬೋಳು ಗದ್ದೆಯಲ್ಲಿ — ಮರಿ ಮಲಗಿದ್ದ ಜಾಗದ ಸುತ್ತಲೇ, ಸುತ್ತಿ ಸುತ್ತಿ. ಆಗಲಾದರೂ ಹೇಳಬಹುದಿತ್ತು. ನಾನು ಕಡಿದ ಕಬ್ಬಿನ ಕೂಳೆಗೆ ನೀರು ಬಿಟ್ಟು ಹೆಜ್ಜೆ ಅಳಿಸಿದೆ.

ತಾಯಿ ಬರಲಿಲ್ಲವೆಂದು ಇಲಾಖೆಯವರು ಒಯ್ದ ಮರಿಗಳೀಗ ಬೋನಿನಲ್ಲೇ ದೊಡ್ಡವಾಗಿವೆ. ಅವಕ್ಕೆ ಕಾಡೂ ಗೊತ್ತಿಲ್ಲ, ಕಬ್ಬೂ ಗೊತ್ತಿಲ್ಲ. ಮರಿ ಉಳಿಸಿದವನೆಂದು, ಚಿರತೆಯ ಬಗ್ಗೆ ಮಾತಾಡಲು ಶಾಲೆಯವರು ನನ್ನನ್ನು ಕರೆಯುತ್ತಾರೆ. ಹೋಗುತ್ತೇನೆ — ಥೂ, ಚಪ್ಪಾಳೆಯನ್ನೂ ತಟ್ಟಿಸಿಕೊಂಡು ಬರುತ್ತೇನೆ.

ಇಲಾಖೆಗೆ ನಿಜ ಬರೆದುಕೊಟ್ಟಿದ್ದೇನೆ. ಮರಿಗಳಿಗೆ ಅದರಿಂದ ಏನೂ ಆಗುವುದಿಲ್ಲ.

ನಾಳಿದ್ದು ಮತ್ತೆ ಕಟಾವು. ಅವತ್ತು ನಕ್ಕವರೆಲ್ಲ ಸೇರಿದಾಗ ಹೇಳುತ್ತೇನೆ — ನಿಜದ ಜಾಗ ಹೇಳಿದವಳು ನೀನು, ಬಾಯಿ ಮುಚ್ಚಿಸಿದವನು ನಾನು. ಮೊದಲ ಕತ್ತಿ ಎಲ್ಲಿ ಹಾಕಬೇಕು, ಯಾವ ಸಾಲು ಬಿಡಬೇಕು, ಎಲ್ಲ ನೀನೇ ಹೇಳು.

ಲಾರಿ ಕಾಯಲಿ.