ಬಿಲ್ಲಿಗೆ ಬಂದ ಆಳು

ಲಾಡ್ಜಿನ ಬಿಲ್ಲನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುವವನು. ಬಾಡಿಗೆ ಮೇಲೆ ಸಾಧುವಾಗಿ ಕೂತಿರುತ್ತದೆ. ಬಿಸಿನೀರಿನ ಬಕೆಟ್ಟು, ಫ್ಯಾನು, ಜಾಸ್ತಿ ದಿಂಬು ಎಂಬ ಕಿಲಾಡಿಗಳೆಲ್ಲ ತಳದಲ್ಲಿ ಅಡಗಿರುತ್ತವೆ. ಈ ಅಭ್ಯಾಸ ಕಲಿಸಿದ್ದು ಈರೋಡಿನ ಒಂದು ಲಾಡ್ಜು, ಎಪ್ಪತ್ತರ ದಶಕದ ಕೊನೆಯಲ್ಲಿ, ನನ್ನ ಮದುವೆಯಾದ ಮೂರನೆಯ ವಾರ.

ಜವಳಿ ಕೊಳ್ಳಲು ಹೆಂಡತಿಯೊಡನೆ ತಾಳವಾಡಿಯಿಂದ ಹೋಗಿದ್ದೆ. ದಿಂಬಂ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿ ಅವಳು ಸುಸ್ತಾಗಿ ಮಲಗಿದ್ದಳು. ಪಾಪ, ಏನೂ ತಿಂದಿಲ್ಲವಲ್ಲ, ಹಾಲನ್ನಾದರೂ ಕುಡಿಯಲಿ ಎಂದು ಸಂಜೆ ಕೆಳಗಿಳಿದು ನನ್ನ ಸಂತೆ ತಮಿಳಿನಲ್ಲಿ, "ರೂಮುಕ್ಕು ಒರು ಆಲು ವರಣುಂ" ಎಂದೆ. ಗುಮಾಸ್ತ ನನ್ನನ್ನೊಮ್ಮೆ ನೋಡಿ "ಸರಿ" ಎಂದ. ಪೇಟೆ ಸುತ್ತಿ ಬಂದರೆ ಹಾಲೂ ಇಲ್ಲ, ಅವಳಿಗೆ ಎಚ್ಚರವೂ ಇಲ್ಲ.

ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾಯಿತು. ನಮ್ಮ ಬೆಟ್ಟ ಹತ್ತುವಷ್ಟರಲ್ಲಿ ಅದಕ್ಕೂ ಉಸಿರು ಕಟ್ಟಿ ಆಲಾಯಿತು. ತಮಿಳರು ಮಾತ್ರ ಪಾಲನ್ನು ಪಾಲಾಗಿಯೇ ಇಟ್ಟುಕೊಂಡಿದ್ದಾರೆ. ಇನ್ನು ಆಳು ಎಂದರೆ ಅವರಿಗೂ ಮನುಷ್ಯನೇ, ನಮಗೂ ಮನುಷ್ಯನೇ. ಇಷ್ಟು ಭಾಷಾಶಾಸ್ತ್ರ ಆ ಸಂಜೆ ಹೊಳೆದಿದ್ದರೆ ನಾನು ಬಚಾವಾಗುತ್ತಿದ್ದೆ.

ಬೆಳಿಗ್ಗೆ ಬಿಲ್ಲು ಬಂತು. ಸತ್ಯಮಂಗಲದಲ್ಲಿ ಓದಿದ ನನ್ನ ಹೆಂಡತಿಗೆ ತಮಿಳು ನೀರು ಕುಡಿದಷ್ಟು ಸುಲಭ. ಕೊನೆಯ ಸಾಲಿಗೆ ಬಂದವಳ ಮುಖ ಬಿಳಿಚಿಕೊಂಡಿತು.

"ಜಾಸ್ತಿ ಆಳು, ಒಂದು ಅಂತ ಬರ್ದವ್ರೆ. ನಾ ಮಲ್ಗಿದ್ದಾಗ ಯಾರ ಕರ್ಕ ಬಂದಿದ್ರಿ? ಯೋಳಿ!"

ನಾನು ಕಂಡ ಕಂಡ ದೇವರ ಮೇಲೆಲ್ಲ ಆಣೆ ಇಟ್ಟೆ. ಅವಳನ್ನು ಗಲ್ಲಾದ ಹತ್ತಿರಕ್ಕೇ ಕರೆದೊಯ್ದು ಗುಮಾಸ್ತನನ್ನು ಸಾಕ್ಷಿ ಕೇಳಿದೆ. ಅವನು, "ನೀಂಗದಾನೇ ಆಳು ವರಣುಂನು ಸೊನ್ನೀಂಗ?" ಎಂದುಬಿಟ್ಟ. ಒಬ್ಬ ಆಳು ಬರಬೇಕು ಅಂತ ನೀವೇ ತಾನೆ ಹೇಳಿದ್ದು!

"ನಮ್ಮಪ್ಪನ ಮನಗ ಓಯ್ತಿನಿ, ಬಸ್ಸು ಅತ್ತುಸ್ಬುಡಿ" ಎಂದಳು ಹೆಂಡತಿ. ನನ್ನ ಸಂಸಾರ ಮೂರೇ ವಾರಕ್ಕೆ ಮುಗಿಯಿತು ಎಂದು ನಿಜವಾಗಿಯೂ ಹೆದರಿದೆ. ಆಗ ತಟ್ಟನೆ ಹೊಳೆಯಿತು.

"ಆಳಲ್ಲ ಕಣಮ್ಮಿ, ಆಲು! ಕುಡಿಯಾ ಆಲು! ನಿಂಗೇ ಅಂತ ಕೇಳ್ದೆ ಕಣ!"

ಅವಳು ಗಲ್ಲಾದ ಮೇಜನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದಳು. ನನಗೆ ಹೋದ ಜೀವ ಬಂತು. ಮೂರು ವಾರದಿಂದ ನೆಲ ನೋಡಿಕೊಂಡು "ಊಂ" ಎನ್ನುವುದರಾಚೆ ಮಾತಾಡದಿದ್ದ ಹುಡುಗಿ!

ಅವಳೇ ತಮಿಳಿನಲ್ಲಿ ಬಿಡಿಸಿ ಹೇಳಿದ ಮೇಲೆ ಗುಮಾಸ್ತನೂ ನಗುತ್ತ ಆ ಸಾಲಿಗೆ ಗೀಟು ಎಳೆದ. ನನಗಂತೂ ಆ ದುಡ್ಡು ಕೊಟ್ಟುಬಿಡೋಣ ಅನ್ನಿಸಿತ್ತು. ಹೀಗೆ ನಗುವವಳೊಬ್ಬಳು ನನ್ನ ಕೋಣೆಯಲ್ಲಿ ಇದ್ದದ್ದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.