ಕೊಚ್ಚಿಯ ಹೊರಗೆ ನಿಂತ ಹಡಗು

ತುಮಕೂರಿನ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುತ್ತಲೇ ನಾನು ಬಂದರುಗಳ ಬಗ್ಗೆ ಒಂದು ಅಧ್ಯಯನ ನಡೆಸುತ್ತಿದ್ದೆ. ದೊಡ್ಡ ಹಡಗುಗಳೆಲ್ಲ ತಾವು ಎಲ್ಲಿದ್ದೇವೆಂದು ಸದಾ ರೇಡಿಯೊ ಸಂಕೇತ ಕಳಿಸುತ್ತಿರುತ್ತವೆ. ಆ ಮಾಹಿತಿ ಕೂಡಿಸಿ, ಕೊಲಂಬೊ, ತೂತ್ತುಕುಡಿ, ಕೊಚ್ಚಿ, ಮಂಗಳೂರುಗಳಲ್ಲಿ ಯಾವ ಬಂದರಿಗೆ ಯಾವುದರ ನಂಟು ಹೆಚ್ಚು ಎಂದು ನೋಡುವುದು ನನ್ನ ಕೆಲಸ. ತಂಗಿ ಬಸುರಿಯಾಗಿ ಕುಣಿಗಲ್ಲಿನ ತವರಿಗೆ ಬರುವವರೆಗೂ ಮನೆಯಲ್ಲಿ ಯಾರೂ ಅದನ್ನು ಕೇಳಿದವರಲ್ಲ.

ಅವಳ ಗಂಡ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯವನು. ಐಟಿಐ ಮುಗಿಸಿ, ಇದೇ ಬಂದರುಗಳ ನಡುವೆ ಕಂಟೇನರ್ ಸಾಗಿಸುವ ಹಳೆಯ ಹಡಗೊಂದರ ಎಂಜಿನ್ ರೂಮಿಗೆ ಸೇರಿದ್ದ. ನಡುಸಮುದ್ರದಲ್ಲಿ ಅವನಿಗೆ ಫೋನ್ ಸಿಗುತ್ತಿರಲಿಲ್ಲ. ಶನಿವಾರ ನಾನು ಊರಿಗೆ ಹೋದರೆ ತಂಗಿ ಊದಿದ ಕಾಲುಗಳನ್ನು ನನ್ನ ತೊಡೆಯ ಮೇಲಿಟ್ಟು ಲ್ಯಾಪ್‌ಟಾಪ್ ಕಡೆ ನೋಡುವಳು. ನಾನು ನಕ್ಷೆಯಲ್ಲಿ ಅವನ ಹಡಗಿನ ಚುಕ್ಕೆ ಹುಡುಕಿ ತೋರಿಸಬೇಕು. ನೀರೇ ಕಾಣದ ಊರಿನವನು ಹಡಗು ಹತ್ತಿದ್ದಾನೆಂದು ಅಮ್ಮ ಗೊಣಗುತ್ತಲೇ ಹಿಂದಿನಿಂದ ಬಗ್ಗಿ ನೋಡುತ್ತಿದ್ದಳು.

ಹೆರಿಗೆ ನೋವು ಎಣಿಸಿದ್ದಕ್ಕಿಂತ ಮುಂಚೆಯೇ ಬಂತು. ಅಂದು ಅವನ ಹಡಗು ಕೊಚ್ಚಿ ಮುಟ್ಟಬೇಕಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ನಾನು ಮೊಬೈಲ್ ನೋಡುತ್ತಲೇ ಇದ್ದೆ. ಚುಕ್ಕೆ ದಡದತ್ತ ಬಂದು, ಇನ್ನೇನು ಸೇರಿತು ಎನ್ನುವಾಗ ನಿಂತುಬಿಟ್ಟಿತು. ಬಂದರಿನಲ್ಲಿ ಜಾಗವಿಲ್ಲದೆ ಲಂಗರು ಹಾಕಿದ್ದರು. ಇಂಥ ಕಾಯುವಿಕೆಗಳನ್ನೆಲ್ಲ ಒಟ್ಟುಹಾಕಿ ನಾನು ಅಧ್ಯಯನಕ್ಕೆಂದು ಸರಾಸರಿ ತೆಗೆದಿದ್ದೆ. ಆ ಹಡಗುಗಳಲ್ಲಿ ಯಾರಾದರೂ ಇದ್ದಾರೆ ಎಂಬುದು ಮನಸ್ಸಿಗೇ ಬಂದಿರಲಿಲ್ಲ.

"ಅಷ್ಟು ಹತ್ರ ಬಂದು ನಿಂತವ್ನಲ್ಲಾ," ಎಂದಳು ಅಮ್ಮ. ಗೊಣಗು ಎಲ್ಲಿ ಹೋಗಿತ್ತೋ.

ಹೆಣ್ಣು ಮಗು ಹುಟ್ಟಿತು. ಅವನಿಗೆ ಫೋನ್ ಮಾಡಿದರೆ ಸಿಗಲಿಲ್ಲ; ಲಂಗರು ಹಾಕಿದ ಜಾಗಕ್ಕೂ ಸಿಗ್ನಲ್ ಇರಲಿಲ್ಲ. ತಂಗಿ ನನ್ನ ಕೈ ಹಿಡಿದು ಬಳಲಿದ ದನಿಯಲ್ಲಿ, "ಅಕ್ಕ, ಅವ್ರಿಗೆ ಹೇಳೋಗಂಟ ಯಾರ್ಗೂ ಹೇಳ್ಬೇಡ ಕಣೇ," ಎಂದಳು.

ಹಾಗಾಗಿ ಚಿಕ್ಕಮ್ಮಂದಿರು, ಸೋದರತ್ತೆಯರು ಫೋನ್ ಮಾಡಿದಾಗೆಲ್ಲ ಅಮ್ಮ ಕಾರಿಡಾರಿನ ಕೊನೆಗೆ ಓಡಿ, ಇನ್ನೂ ಏನೂ ಆಗಿಲ್ಲ ಎಂದು ಸುಳ್ಳು ಹೇಳುತ್ತಿದ್ದಳು. ಸುಳ್ಳಿಗೆ ಒಗ್ಗದ ಹೆಂಗಸು, ಪ್ರತಿ ಸಲವೂ ಬೆವರು ಒರೆಸಿಕೊಂಡು ವಾಪಸಾಗುತ್ತಿದ್ದಳು.

ಮರುದಿನ ಬೆಳಿಗ್ಗೆ ಚುಕ್ಕೆ ಅಲುಗಾಡಿತು. ಮಧ್ಯಾಹ್ನ ಫೋನ್ ಬಂತು. ತಂಗಿ ಏನನ್ನೂ ವಿವರಿಸದೆ ಫೋನನ್ನು ಅಳುತ್ತಿದ್ದ ಮಗುವಿನ ಬಾಯಿಯ ಹತ್ತಿರ ಹಿಡಿದಳು.

"ನಮ್ದಾ?" ಎಂದು ಕೇಳಿದ ಅವನು ಆ ಕಡೆಯಿಂದ.

"ಇನ್ಯಾರ್ದು? ನಿಮ್ಗೇ ಮೊದ್ಲು ಹೇಳ್ತಿರೋದು ಕಣ್ರೀ."

ಅವನು ರಜೆಯ ಮೇಲೆ ಬರುವ ಹೊತ್ತಿಗೆ ಮಗು ಮುಖ ಗುರುತಿಸುತ್ತಿತ್ತು. ಅವನನ್ನು ನೋಡಿ ಚೀರಿ ಅತ್ತಿತು. ಪೆಚ್ಚಾಗಿ ನಿಂತಿದ್ದ ಅಳಿಯನ ಕೈಗೆ ಅಮ್ಮ ಬಟ್ಟಲು ಎಣ್ಣೆ ಕೊಟ್ಟು, ಮಗುವಿನ ಪಾದಕ್ಕೆ ತಿಕ್ಕು, ತಾನೇ ಒಗ್ಗುತ್ತದೆ ಎಂದಳು. ಅವನು ನೆಲದ ಮೇಲೆ ಕೂತು, ಗ್ರೀಸ್ ಹಿಡಿದು ಕಪ್ಪಾದ ಉಗುರುಗಳ ಕೈಯಲ್ಲಿ ಮೆಲ್ಲಗೆ ತಿಕ್ಕತೊಡಗಿದ.