ಶಾಲೆಯ ನಾಟಕಕ್ಕೆ ಬಂದ ಕಂಬಳಿ

ಈ ವರ್ಷ ನಾನು ತಂದ ಹಣದ ಬಗ್ಗೆ ಯಾರಾದರೂ ಹೊಗಳಿದರೆ ಮೈ ಉರಿಯುತ್ತದೆ, ಅದೂ ನನ್ನ ಮೇಲೆಯೇ. ಹೊಸದುರ್ಗದ ನಮ್ಮ ಸಣ್ಣ ನಾಟಕ ತಂಡಕ್ಕೆ ಹಣ ಹೊಂದಿಸುವ ಕೆಲಸ ನನ್ನದು. ನಾನು ಬಣ್ಣ ಹಚ್ಚುವುದಿಲ್ಲ, ಹಾಡುವುದಿಲ್ಲ. ಮೈಕು ಹಿಡಿದು ನಾಲ್ಕು ಮಾತು ಹೇಳುತ್ತೇನೆ, ಉಳಿದ ದಿನ ದಾನಿಗಳ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತೇನೆ. ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಹಳೆಯ ದೊಡ್ಡ ನಾಟಕಗಳನ್ನು ಒಯ್ಯಬೇಕೆಂಬ ಹುಚ್ಚು ತಂಡದವರದು. ಆ ಹುಚ್ಚಿಗೆ ಡೀಸೆಲ್ ಹಾಕಿಸುವವನು ನಾನು.

ಈ ಸಲ ಗುಡ್ಡಗಳ ಮೇಲೆ ಗಾಳಿಯಂತ್ರ ನಡೆಸುವ ಒಂದು ಕಂಪನಿ ಹಣ ಕೊಡಲು ಒಪ್ಪಿತ್ತು. ಹೊಸದುರ್ಗದ ಹಳ್ಳಿಗಳಿಂದ ಶುರು ಮಾಡಿ, ಹೊಳಲ್ಕೆರೆ, ಹಿರಿಯೂರು ಸುತ್ತಿ ಚಿತ್ರದುರ್ಗದಲ್ಲಿ ಮುಗಿಸಬೇಕು. ನಾಟಕ ಪೂರ್ತಿ ಉಚಿತ, ನೋಡುವವರಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂಬುದು ಅವರ ಷರತ್ತು. ಮೊದಲ ಪ್ರದರ್ಶನದ ವಿಡಿಯೋವನ್ನು ಎಲ್ಲೂ ಕತ್ತರಿಸದೆ ಕಳಿಸಬೇಕು. ಅದು ಹಿಡಿಸಿದರೆ ಮಾತ್ರ ಉಳಿದ ಹಣ. ನಾನು ಆ ಮಾತುಗಳನ್ನು ಮನೆದೇವರ ಮೇಲಿನಷ್ಟೇ ಭಕ್ತಿಯಿಂದ ತಲೆಯಲ್ಲಿಟ್ಟುಕೊಂಡೆ.

ಮೊದಲ ಪ್ರದರ್ಶನ ಶ್ರೀರಾಂಪುರದ ಹತ್ತಿರದ ಒಂದು ಶಾಲೆಯಲ್ಲಿ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಹಳೆಯ ನಾಟಕ. ತುಂಬಿದ ಸಭೆಯಲ್ಲಿ ರಾಜನನ್ನೇ ಪ್ರಶ್ನಿಸುವ ರಾಣಿಯ ಪಾತ್ರಕ್ಕೆ ಅದೇ ಶಾಲೆಯ ಒಂಬತ್ತನೇ ತರಗತಿಯ ಹುಡುಗಿ ಸಿಕ್ಕಿದ್ದಳು. ಕುರಿ ಸಾಕುವ ಮನೆಯವಳು. ತಾಲೀಮಿನಲ್ಲಿ ಅವಳ ಬಾಯಿಂದ ಆ ಮಾತು ಕೇಳಿದ ಮೇಲೆ ನಮ್ಮ ನಿರ್ದೇಶಕಿ ಬೇರೆ ಯಾರನ್ನೂ ನೋಡಲಿಲ್ಲ, ಎಲ್ಲ ಊರಿಗೂ ಇವಳೇ ಬರಲಿ ಎಂದರು. ಹುಡುಗಿಗೂ ಅದೇ ಆಸೆ. ದುರ್ಗದ ದೊಡ್ಡ ರಂಗಮಂದಿರದಲ್ಲಿ ದನಿ ಎಷ್ಟು ದೂರ ಹೋಗುತ್ತದೆ ಎಂದು ದಿನಾ ಕೇಳುತ್ತಿದ್ದಳು. ಅವಳ ಅಪ್ಪ ಮಾತ್ರ ಹ್ಞೂಂ ಅಂದಿರಲಿಲ್ಲ.

“ಮೊದ್ಲು ನೋಡ್ತೀನ್ರಿ. ಕಳ್ಸದು ಬಿಡದು ಆಮ್ಯಾಕೆ ಹೇಳ್ತೀನಿ,” ಎಂದಿದ್ದರು.

ಅಂದು ರಾಣಿ ಮಾತು ಶುರು ಮಾಡುತ್ತಲೇ ಮೈದಾನದಲ್ಲಿ ಕೂತಿದ್ದ ಮಕ್ಕಳ ಗದ್ದಲ ನಿಂತಿತು. ಹಿಂದೆ ನಿಂತಿದ್ದ ಊರಿನವರೂ ಸುಮ್ಮನಾದರು. ನಾನೂ ಕೈಯಲ್ಲಿ ಮೈಕು ಇರುವುದನ್ನೇ ಮರೆತು ಕೇಳುತ್ತಾ ನಿಂತೆ, ಸುಳ್ಳು ಹೇಳುವುದಿಲ್ಲ. ಆಗಲೇ ಅವಳ ಅಪ್ಪ ಮಡಿಸಿದ ಹೊಸ ಕರಿ ಕಂಬಳಿಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಂಗದ ಮೆಟ್ಟಿಲು ಹತ್ತತೊಡಗಿದರು.

ನಮ್ಮ ಕಡೆ ಊರ ನಾಟಕಗಳಲ್ಲಿ ಇದು ಇದ್ದದ್ದೇ. ಪಾತ್ರ ಚೆನ್ನಾಗಿ ಬಂದರೆ ನೋಡುವವರು ನಡುವೆಯೇ ಎದ್ದು ಬಂದು ಮುಯ್ಯಿ ಮಾಡುತ್ತಾರೆ. ಬಟ್ಟೆಯೋ ನೋಟೋ ಹಾರವೋ, ಅವರವರ ಶಕ್ತಿ. ಹಾರ್ಮೋನಿಯಂ ನಿಲ್ಲುತ್ತದೆ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳುತ್ತಾರೆ. ಸಾಯುತ್ತಿರುವ ರಾಜ ಎದ್ದು ಕೈಮುಗಿದು, ಮತ್ತೆ ಮಲಗಿ ಸಾಯುತ್ತಾನೆ. ಹೆತ್ತ ಅಪ್ಪನೇ ಮುಯ್ಯಿ ಮಾಡಿದನೆಂದರೆ ಮಗಳು ಬಣ್ಣ ಹಚ್ಚುವುದಕ್ಕೆ ಊರೆದುರು ಒಪ್ಪಿದ ಹಾಗೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಇಂಥ ನಾಟಕಗಳ ಮುಂದೆ ಚಾಪೆ ಹಾಸಿಕೊಂಡು ಬೆಳೆದವನು.

ಆದರೂ ಆಗ ನನಗೆ ಕಂಡದ್ದು ಕ್ಯಾಮೆರಾದ ಕೆಂಪು ದೀಪ ಮಾತ್ರ. ಓಡಿಹೋಗಿ ಅವರ ತೋಳು ಹಿಡಿದೆ.

“ಬ್ಯಾಡ್ರಿ, ಇಳೀರಿ. ಇಲ್ಲಿ ಇವೆಲ್ಲ ನಡೆಯಲ್ಲ.”

“ನನ್ ಮಗ್ಳಿಗೆ ಕಣ್ರಿ,” ಎಂದರು ಅವರು.

“ಯಾರಿಗಾದ್ರೂ ಅಷ್ಟೇ. ಹೋಗಿ ಕುಂತ್ಕಳ್ರಿ.”

ನನ್ನ ಕೈಯಲ್ಲಿದ್ದ ಮೈಕು ಚಾಲೂ ಇತ್ತು. ಇಡೀ ಮೈದಾನ ಕೇಳಿತು. ಅವರು ಕಂಬಳಿಯನ್ನು ಎದೆಗೆ ಒತ್ತಿಕೊಂಡು ಹಿಂದೆ ಹೋದರು, ಸ್ವಲ್ಪ ಹೊತ್ತಿಗೆ ಮೈದಾನದಿಂದಲೂ ಹೋದರು. ಹುಡುಗಿ ಮಾತು ಮರೆಯಲಿಲ್ಲ, ಪೂರ್ತಿ ಹೇಳಿದಳು. ಆದರೆ ದನಿ ಮುಂದಿನ ಸಾಲಿನ ಮಕ್ಕಳಿಗೂ ಸರಿಯಾಗಿ ಕೇಳಲಿಲ್ಲ.

ವಿಡಿಯೋ ಕಂಪನಿಯವರಿಗೆ ಹಿಡಿಸಿತು. ಶಿಸ್ತು ಚೆನ್ನಾಗಿದೆ ಎಂದು ಫೋನಿನಲ್ಲಿ ಹೊಗಳಿದರು. ನಾನು ನಾಚಿಕೆಗೆಟ್ಟವನು, ಥ್ಯಾಂಕ್ಸ್ ಹೇಳಿದೆ.

ಹೊರಕೆರೆದೇವಪುರದ ಪ್ರದರ್ಶನಕ್ಕೆ ಹುಡುಗಿಯನ್ನು ಕರೆಯಲು ಹೋದಾಗ ಅವಳ ಅಪ್ಪ ಯಾರದೋ ತೆಂಗಿನ ತೋಟದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದರು. “ಬರ್ರಿ, ಕುಂತ್ಕಳ್ರಿ” ಎಂದು ಮಗಳ ಕೈಯಲ್ಲಿ ಮಜ್ಜಿಗೆ ಕೊಡಿಸಿದರು. ಎರಡು ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಕಂಪನಿಯ ಷರತ್ತನ್ನು ಬಿಡಿಸಿ ಹೇಳಿದೆ, ತಪ್ಪಾಯಿತು ಎಂದೆ.

“ನಿಮ್ದೇನ್ ತಪ್ಪೈತೆ ಬಿಡ್ರಿ,” ಎಂದರು. “ಬಂದ ಮುಯ್ಯಿ ಬ್ಯಾಡ ಅಂದ್ರೆ ಪಾರ್ಟು ಕೆಡ್ತು ಅಂತ ತಾನೆ. ಊರಾಗೂ ಹಂಗೇ ಅಂದ್ರು. ಕೆಟ್ಟ ಪಾರ್ಟು ಕಟ್ಕಂಡು ಹುಡುಗೀನ ಊರೂರು ತಿರುಗ್ಸದು ಬ್ಯಾಡ.”

“ಹಂಗಲ್ರಿ. ಅವ್ಳಷ್ಟು ಚೆನ್ನಾಗಿ ಯಾರೂ ಮಾಡ್ಲಿಲ್ಲ.”

“ಅದನ್ನ ಅವತ್ತು ಹೇಳ್ಬೇಕಿತ್ತು. ಮೈಕು ನಿಮ್ ಕೈಯಾಗೇ ಇತ್ತಲ್ರಿ.”

ಅಷ್ಟು ಹೇಳಿ ಕುರಿಗಳ ಕಡೆ ಎದ್ದು ಹೋದರು. ನಾನು ಬೈಕು ನಿಲ್ಲಿಸಿದ್ದ ಕಡೆ ನಡೆದೆ. ಹುಡುಗಿ ಹಿಂದೆಯೇ ಬಂದಳು.

“ಸಾರ್, ಎಲ್ಲಿ ತಪ್ಪಿದೆ ಹೇಳ್ರಿ. ರಾಜನ್ನ ಕೇಳೋ ಜಾಗ್ದಾಗಾ, ಅದ್ಕೂ ಮೊದ್ಲಾ? ತಿದ್ಕಂತೀನಿ.”

“ಎಲ್ಲೂ ತಪ್ಪಿಲ್ಲಮ್ಮ,” ಎಂದೆ.

ಅವಳು ನಂಬಲಿಲ್ಲ. ಅಪ್ಪನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, ಅಲ್ಲೇ ಬೇಲಿಯ ಪಕ್ಕ ನಿಂತು ರಾಣಿಯ ಮಾತನ್ನು ಮೊದಲಿನಿಂದ ಹೇಳತೊಡಗಿದಳು, ತಪ್ಪು ಬಂದಲ್ಲಿ ನಾನು ತಡೆಯಲಿ ಎಂದು. ಒಂದೊಂದು ಮಾತಿಗೂ ನಿಂತು ನನ್ನನ್ನು ನೋಡುತ್ತಿದ್ದಳು. ನಾನು ಎಲ್ಲೂ ತಡೆಯಲಿಲ್ಲ. ಮಾತು ಮುಗಿಯಿತು. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.